ಫೋನಿನ ಅಳತೆ, ಬದುಕಿನ ಅಳತೆ

2007ರಲ್ಲಿ ಬಂದ ಮೊದಲ ಐಫೋನಿನ ಪರದೆ ಮೂರೂವರೆ ಇಂಚು. ಇಂದು ಆರೂವರೆ ಇಂಚಿನವೇ ಸಾಮಾನ್ಯ. ಆಪಲ್ ತನ್ನ ‘ಮಿನಿ’ ಮಾದರಿಯನ್ನು 2023ರಲ್ಲಿ ಕೈಬಿಟ್ಟಿತು. ಸಣ್ಣ ಫೋನು ಅಪರೂಪವಾದಾಗ ಆಯ್ಕೆ ಗ್ರಾಹಕನದಾಗಿ ಉಳಿಯುವುದಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರಗಳ ಭತ್ತದ ಗದ್ದೆಯಲ್ಲಿ ಬಗ್ಗಿ ದುಡಿಯುವವರಿಗೆ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ತೆಂಗಿನ ಮರ ಏರುವವರಿಗೆ ಜೇಬಿನಿಂದ ಜಾರದ ಸಣ್ಣ ಫೋನೇ ಹಿತ. ಪಹಣಿ ನೋಡುವ ಹಿರಿಯರಿಗೂ ಪಾಠ ಓದುವ ವಿದ್ಯಾರ್ಥಿಗಳಿಗೂ ದೊಡ್ಡ ಪರದೆ ಅನುಕೂಲ.

ದೊಡ್ಡ ಫೋನಿಗೆ ಗಾಜು, ಲೋಹ ಹೆಚ್ಚು ಬೇಕು, ನಿಜ. ಆದರೆ ಫೋನು ಪರಿಸರದ ಮೇಲೆ ಹೊರಿಸುವ ಇಂಗಾಲದ ಹೊರೆಯ ಬಹುಪಾಲು ತಯಾರಿಕೆಯದು, ಬಳಕೆಯದಲ್ಲ. ಎರಡು ವರ್ಷಕ್ಕೊಮ್ಮೆ ಎಸೆಯುವ ಸಣ್ಣ ಫೋನಿಗಿಂತ, ಬ್ಯಾಟರಿ ಬದಲಿಸಿ ಆರು ವರ್ಷ ಬಳಸುವ ದೊಡ್ಡದೇ ಮೇಲು. ಅಳತೆಯನ್ನು ಕೆಲಸ ನಿರ್ಧರಿಸಲಿ, ಜಾಹೀರಾತಲ್ಲ.