ರಕ್ತ ಕೊಡೋ ಮೊದಲೇ ಬಂದ ರಿಪೋರ್ಟು

ನನ್ನ ಮೊದಲ ಕೆಲಸದಲ್ಲಿ ಒಂದು ಲ್ಯಾಬಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಅಲ್ಲಿಂದ ಫೋನ್. "ಸಾರ್, ಈ ಮೇಡಂದು ರಕ್ತ ಇನ್ನೂ ತೆಗೆದೇ ಇಲ್ಲ, ಶುಗರ್ ರಿಪೋರ್ಟ್ ಆಗಲೇ ತೋರಿಸ್ತಾ ಇದೆ!"

ಮೊದಲು ನಗು ಬಂತು. ಡೇಟಾಬೇಸ್ ತೆಗೆದು ನೋಡಿದ ಮೇಲೆ ಬೆವರು ಬಂತು.

ಆಗಿದ್ದಿಷ್ಟು. ಹಿಂದಿನ ಸಂಜೆ ಕೊನೆಗೆ ಬಂದವರೊಬ್ಬರ ಹೆಸರು ಕೌಂಟರಿನಲ್ಲಿ ಎರಡು ಸಲ ಎಂಟ್ರಿ ಆಗಿತ್ತು. ಟೆಸ್ಟಿನ ಫಲಿತಾಂಶ ಎರಡನೇ ನಂಬರಿಗೆ ಸೇರಿತ್ತು. ಅದನ್ನು ನೋಡದೆ ಯಾರೋ ಎರಡನೇ ಎಂಟ್ರಿಯನ್ನು ಅಳಿಸಿದರು. ರೋಗಿಯ ಸಾಲು ಹೋಯ್ತು, ಫಲಿತಾಂಶ ಮಾತ್ರ ತಬ್ಬಲಿಯಾಗಿ ಉಳಿಯಿತು. ರಾತ್ರಿ ಕರೆಂಟ್ ಹೋಗಿ ಸರ್ವರ್ ರೀಸ್ಟಾರ್ಟ್ ಆಯ್ತು. ನಮ್ಮದು ಮೈಎಸ್‌ಕ್ಯೂಎಲ್ 5.7. ಅದರಲ್ಲಿ ಮುಂದಿನ ನಂಬರ್ ಯಾವುದು ಅನ್ನೋದು ಮೆಮೊರಿಯಲ್ಲಿ ಮಾತ್ರ ಇರುತ್ತಿತ್ತು. ರೀಸ್ಟಾರ್ಟ್ ಆದರೆ ಟೇಬಲ್ಲಿನಲ್ಲಿ ಉಳಿದಿರುವ ದೊಡ್ಡ ನಂಬರಿಗೆ ಒಂದು ಕೂಡಿಸುತ್ತಿತ್ತು. (8.0ರಲ್ಲಿ ಇದು ಸರಿಹೋಯಿತು.) ಅಳಿಸಿದ ನಂಬರೇ ಬೆಳಿಗ್ಗೆ ಮೊದಲು ಬಂದ ಆಕೆಗೆ ಸಿಕ್ಕಿತು, ಜೊತೆಗೆ ಇನ್ನೊಬ್ಬರ ಶುಗರ್ ಕೂಡ!

ಒಂದು ಗಂಟೆ ತಡವಾಗಿದ್ದರೆ ಆಕೆ ಅದನ್ನೇ ಹಿಡಿದು ಡಾಕ್ಟರ ಹತ್ತಿರ ಹೋಗಿರುತ್ತಿದ್ದರು.

ಇದನ್ನು ತಡೆಯೋಕೆ ಬೇಕಿದ್ದಿದ್ದು ಒಂದೇ ಒಂದು ಸಾಲು: ಫಾರಿನ್ ಕೀ. ಫಲಿತಾಂಶ ಇರುವ ತನಕ ರೋಗಿಯನ್ನು ಅಳಿಸಲು ಬಿಡಬೇಡ ಅನ್ನೋ ಕಟ್ಟಳೆ. ಅದು ಇತ್ತು ಕೂಡ. ತೆಗೆದವನು ನಾನೇ! ಹಳೇ ಡೇಟಾ ತುಂಬುವಾಗ ಎರರ್ ಕೊಡುತ್ತಿತ್ತು ಅಂತ ಡ್ರಾಪ್ ಮಾಡಿದ್ದೆ, ಆಮೇಲೆ ಹಾಕೋಣ ಅಂದುಕೊಂಡು. ಆ ಎರರ್ ನಿಜವನ್ನೇ ಹೇಳುತ್ತಿತ್ತು, ಕೇಳೋ ತಾಳ್ಮೆ ನನಗಿರಲಿಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅವತ್ತು ಹುಡುಕಿದಾಗ ಇನ್ನೂ ಎಷ್ಟೋ ತಬ್ಬಲಿ ಸಾಲುಗಳು ಸಿಕ್ಕವು. ತಿಂಗಳ ವರದಿಯಲ್ಲಿ ಅವು ಕಂಡಿರಲೇ ಇಲ್ಲ. ಯಾಕೆಂದರೆ ಇನ್ನರ್ ಜಾಯಿನ್ ಮಾಡಿದರೆ ಜೊತೆ ಸಿಗದ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ.

"ಅಪ್ಲಿಕೇಶನ್ ಕೋಡಿನಲ್ಲೇ ಚೆಕ್ ಮಾಡ್ತೀವಿ ಬಿಡಿ" ಅನ್ನುವವರು ಬಹಳ. ನಾನು ಒಪ್ಪಲ್ಲ. ಇವತ್ತು ಒಂದು ಅಪ್ಲಿಕೇಶನ್, ನಾಳೆ ಒಂದು ಸ್ಕ್ರಿಪ್ಟ್, ನಾಡಿದ್ದು ಯಾರೋ ನೇರವಾಗಿ ಡಿಲೀಟ್ ಓಡಿಸುತ್ತಾರೆ. ಕೋಡು ಚೆಕ್ ಮಾಡಿ ಸೇರಿಸುವ ನಡುವಿನ ಕ್ಷಣದಲ್ಲೇ ಇನ್ನೊಬ್ಬರು ಅಳಿಸಬಹುದು. ಎಲ್ಲರೂ ಹಾದು ಹೋಗಲೇಬೇಕಾದ ಬಾಗಿಲು ಡೇಟಾಬೇಸ್ ಒಂದೇ. ಕಾಡ್ ಮಹಾಶಯ 1970ರಲ್ಲೇ ತನ್ನ ಪ್ರಬಂಧದಲ್ಲಿ ಫಾರಿನ್ ಕೀ ಬಗ್ಗೆ ಬರೆದಿಟ್ಟ, ನಾವಿನ್ನೂ ಬೇಕೋ ಬೇಡವೋ ಅಂತ ಚರ್ಚೆ ಮಾಡ್ತಾ ಇದ್ದೀವಿ!

"ಸ್ಲೋ ಆಗುತ್ತೆ" ಅನ್ನೋದು ಇನ್ನೊಂದು ದೂರು. ಚೂರು ಖರ್ಚು ಇದೆ, ಸುಳ್ಳಲ್ಲ. ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ಫಾರಿನ್ ಕೀ ಹಾಕಿದರೆ ಆ ಕಾಲಮ್ಮಿಗೆ ಇಂಡೆಕ್ಸ್ ತಾನಾಗಿ ಬರಲ್ಲ. ಅದನ್ನು ಹಾಕದೆ, ಡಿಲೀಟ್ ನಿಧಾನ ಅಂತ ಕೀಲಿಯನ್ನೇ ಬೈದರೆ ಹೇಗೆ? ಎಸ್‌ಕ್ಯೂಲೈಟ್‌ನಲ್ಲಿ ಸಾಮಾನ್ಯವಾಗಿ ಈ ತಪಾಸಣೆ ಆಫ್ ಆಗಿರುತ್ತೆ, ಪ್ರತಿ ಕನೆಕ್ಷನ್ನಿಗೂ ಆನ್ ಮಾಡಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ತಪಾಸಣೆ ಆಫ್ ಮಾಡಿ ತುಂಬಿ ಮತ್ತೆ ಆನ್ ಮಾಡಿದರೆ, ಆಗಲೇ ಒಳಗೆ ಸೇರಿದ ಕಸವನ್ನು ಅದು ತಿರುಗಿ ನೋಡಲ್ಲ.

ಫಾರಿನ್ ಕೀ ಇದ್ದ ಮಾತ್ರಕ್ಕೆ ಡೇಟಾ ಸತ್ಯ ಅಂತಲ್ಲ. ಕೌಂಟರಿನಲ್ಲಿ ಬೇರೆ ರೋಗಿಯ ನಂಬರ್ ಒತ್ತಿದರೆ ಅದು ಸುಮ್ಮನೆ ಒಪ್ಪಿಕೊಳ್ಳುತ್ತೆ. ಡೇಟಾ ಎರಡು ಬೇರೆ ಡೇಟಾಬೇಸ್ ಸರ್ವರ್‌ಗಳಲ್ಲಿ ಇದ್ದರೆ ಇದನ್ನು ಹಾಕೋಕೂ ಆಗಲ್ಲ. ಅಲ್ಲಿ ದಿನಾ ರಾತ್ರಿ ತಬ್ಬಲಿಗಳನ್ನು ಹುಡುಕುವ ಒಂದು ಕ್ವೆರಿ ಓಡಲಿ. ಹಾಕಬಹುದಾದ ಕಡೆಯೂ ಹಾಕದಿರುವುದು ಮಾತ್ರ ಶುದ್ಧ ಸೋಮಾರಿತನ. ಅನುಭವದಿಂದ ಹೇಳ್ತಿದ್ದೀನಿ.

ಆಕೆಯ ನಿಜವಾದ ರಿಪೋರ್ಟು ಮಧ್ಯಾಹ್ನ ಬಂತು, ಶುಗರ್ ನಾರ್ಮಲ್. ನಾನು ಅವತ್ತು ಸಂಜೆಯೇ ಫಾರಿನ್ ಕೀ ವಾಪಸ್ ಹಾಕಿದೆ.

ನಿಮ್ಮ ಟೇಬಲ್ಲುಗಳಲ್ಲಿ ಎಷ್ಟು ತಬ್ಬಲಿಗಳಿವೆ? ಒಮ್ಮೆ ಹುಡುಕಿ ನೋಡಿ, ಸಿಕ್ಕಿದ್ದನ್ನು ನನಗೂ ಹೇಳಿ.