ನೆಲ ಮಾರಿದ ಹೋಟೆಲು



ಕಾಫಿ, ಅಡಿಕೆ, ಕಾಳುಮೆಣಸಿನ ಧಾರಣೆ ಬರೆಯಬೇಕಾದ ಪುಟದಲ್ಲಿ ಅಮೆರಿಕದ ಮೀನಿನ ಹೋಟೆಲಿನ ಕಥೆಯೇಕೆ ಎಂದು ತಾವು ಕೇಳಬಹುದು. ಕಾರಣವಿದೆ. ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಸದಸ್ಯರೊಬ್ಬರು ಒಂದು ಸೂಚನೆ ಮಂಡಿಸಿದರು. ಸಂಘದ ಗೋದಾಮು ಮತ್ತು ಕಣದ ಜಾಗವನ್ನು ಮಾರಿಬಿಡೋಣ, ಕೊಂಡವರಿಂದಲೇ ಅದನ್ನು ಬಾಡಿಗೆಗೆ ಪಡೆಯೋಣ, ಬಂದ ಹಣದಲ್ಲಿ ಸಾಲ ತೀರಿಸಿ ಲಾಭಾಂಶ ಹಂಚೋಣ ಎಂಬುದು ಅದರ ಸಾರಾಂಶ. ಅವರು ಓದಿಕೊಂಡವರು, ಸಂಘದ ಹಿತೈಷಿಗಳು. ದೊಡ್ಡ ದೊಡ್ಡ ಕಂಪೆನಿಗಳೇ ಹೀಗೆ ಮಾಡುತ್ತವೆ ಎಂದರು. ಮಾಡುತ್ತವೆ, ನಿಜ. ಹಾಗೆ ಮಾಡಿದ ಒಂದು ಕಂಪೆನಿ ಯಾವ ಪಾಡು ಪಟ್ಟಿತೆಂಬುದನ್ನು ತಮ್ಮ ಮುಂದಿಡುವುದು ಕಾರ್ಯದರ್ಶಿಯಾದ ನನ್ನ ಕರ್ತವ್ಯ.

ರೆಡ್ ಲಾಬ್‌ಸ್ಟರ್ ಎಂಬ ಹೋಟೆಲಿನ ಮೂಲಪುರುಷ ಬಿಲ್ ಡಾರ್ಡನ್. 1938ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಜಾರ್ಜಿಯಾ ಸಂಸ್ಥಾನದ ವೇಕ್ರಾಸ್ ಊರಿನಲ್ಲಿ ಇಪ್ಪತ್ತೈದು ಜನ ಕೂರುವಷ್ಟು ಪುಟ್ಟ ಊಟದಂಗಡಿ ತೆರೆದವರು. ಮೂವತ್ತು ವರ್ಷಗಳ ಅನುಭವದ ನಂತರ, 1968ರಲ್ಲಿ, ಚಾರ್ಲಿ ವುಡ್ಸ್‌ಬಿ ಎಂಬವರ ಜೊತೆಗೂಡಿ ಫ್ಲಾರಿಡಾದ ಲೇಕ್‌ಲ್ಯಾಂಡಿನಲ್ಲಿ ಮೊದಲ ರೆಡ್ ಲಾಬ್‌ಸ್ಟರ್ ಆರಂಭಿಸಿದರು. ಲೇಕ್‌ಲ್ಯಾಂಡ್ ಕಡಲ ತೀರದ ಊರಲ್ಲ, ಒಳನಾಡು. ಸೀಗಡಿ, ಏಡಿ, ಲಾಬ್‌ಸ್ಟರ್ ಎಂದರೆ ಸಿರಿವಂತರ ಅಥವಾ ಕರಾವಳಿಯವರ ಊಟ ಎಂದುಕೊಂಡಿದ್ದ ಸಾಮಾನ್ಯ ಸಂಸಾರಸ್ಥರಿಗೆ, ಮಕ್ಕಳುಮರಿಯೊಂದಿಗೆ ಕುಳಿತು ಕೈಗೆಟಕುವ ಬೆಲೆಗೆ ಅದನ್ನು ಉಣ್ಣುವ ಅವಕಾಶ ಕಲ್ಪಿಸಿದ್ದೇ ಅವರ ಜಾಣ್ಮೆ. 1970ರಲ್ಲಿ ಜನರಲ್ ಮಿಲ್ಸ್ ಎಂಬ ಹಿಟ್ಟಿನ ಗಿರಣಿ ಕಂಪೆನಿ ಇದನ್ನು ಕೊಂಡು ದೇಶದುದ್ದಕ್ಕೂ ಹಬ್ಬಿಸಿತು. 1995ರಲ್ಲಿ ಹೋಟೆಲು ವ್ಯವಹಾರ ಗಿರಣಿಯಿಂದ ಬೇರ್ಪಟ್ಟು, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಡಾರ್ಡನ್ ಅವರ ಹೆಸರಿನ ಸ್ವತಂತ್ರ ಕಂಪೆನಿಯಾಯಿತು.

ತಪ್ಪುಗಳು ಆಗಲೂ ಆದವು. 2003ರಲ್ಲಿ, ಒಂದೇ ದರಕ್ಕೆ ಬೇಕಾದಷ್ಟು ಏಡಿ ತಿನ್ನಿ ಎಂದು ಸಾರಿದರು. ಜನ ಎರಡನೆಯ ಸಲ, ಮೂರನೆಯ ಸಲ ಬಡಿಸಿಕೊಂಡರು. ಅಷ್ಟರಲ್ಲಿ ಏಡಿಯ ಧಾರಣೆಯೂ ಏರಿತ್ತು. ಲಕ್ಷಗಟ್ಟಲೆ ಡಾಲರು ನಷ್ಟವಾಗಿ ಮುಖ್ಯಸ್ಥೆ ಸ್ಥಾನ ಬಿಡಬೇಕಾಯಿತು. ಆದರೆ ಹೋಟೆಲು ಮುಳುಗಲಿಲ್ಲ. ಹಿಂದೆ ಗಟ್ಟಿಯಾದ ಮಾತೃಸಂಸ್ಥೆಯಿತ್ತು, ಕಾಲಡಿಯ ನೆಲ ಬಹುಮಟ್ಟಿಗೆ ತನ್ನದೇ ಆಗಿತ್ತು.

ಆ ನೆಲ ಕೈತಪ್ಪಿದ್ದು 2014ರಲ್ಲಿ. ಗಿರಾಕಿಗಳು ಕಡಿಮೆಯಾಗುತ್ತಿದ್ದಾರೆಂದು ಡಾರ್ಡನ್ ಕಂಪೆನಿ ರೆಡ್ ಲಾಬ್‌ಸ್ಟರನ್ನು ಗೋಲ್ಡನ್ ಗೇಟ್ ಕ್ಯಾಪಿಟಲ್ ಎಂಬ ಖಾಸಗಿ ಬಂಡವಾಳ ಸಂಸ್ಥೆಗೆ 210 ಕೋಟಿ ಡಾಲರಿಗೆ ಮಾರಿತು. ಕೊಂಡವರು ಇಷ್ಟು ಹಣವನ್ನು ತಮ್ಮ ತಿಜೋರಿಯಿಂದ ತೆಗೆದರೇ? ಇಲ್ಲ. ಆ ವ್ಯವಹಾರದ ಜೊತೆಜೊತೆಗೇ ಐನೂರು ಹೋಟೆಲುಗಳ ನೆಲ ಮತ್ತು ಕಟ್ಟಡವನ್ನು ಇನ್ನೊಂದು ಆಸ್ತಿ ಕಂಪೆನಿಗೆ ಸುಮಾರು 150 ಕೋಟಿ ಡಾಲರಿಗೆ ಮಾರಿ, ಆ ಹಣವನ್ನೇ ಖರೀದಿಗೆ ಹೊಂದಿಸಿದರು. ತೋಟದ ನೆಲ ಮಾರಿದ ದುಡ್ಡಿನಿಂದಲೇ ತೋಟ ಕೊಂಡ ಹಾಗೆ! ಹೋಟೆಲು ನಿನ್ನೆ ತನ್ನದಾಗಿದ್ದ ಅಡುಗೆಮನೆಗೆ ಇಂದಿನಿಂದ ಬಾಡಿಗೆ ಕಟ್ಟತೊಡಗಿತು. ಅದೂ ದೀರ್ಘಾವಧಿಯ, ವರ್ಷದಿಂದ ವರ್ಷಕ್ಕೆ ಏರುವ ಬಾಡಿಗೆ. ಚಾಲಗೇಣಿ ಎಂದರೇನೆಂದು ಬಲ್ಲ ಹಿರಿಯರು ನಮ್ಮ ಸಂಘದಲ್ಲಿ ಇನ್ನೂ ಇದ್ದಾರೆ. ಫಸಲು ಬರಲಿ ಬಿಡಲಿ, ಗೇಣಿ ಅಳೆಯಲೇಬೇಕಿತ್ತು. 1974ರ ಭೂಸುಧಾರಣೆಯ ಕಾಲಕ್ಕೆ ಗೇಣಿಯಿಂದ ಪಾರಾದ ಮನೆತನಗಳವರು ಈ ವ್ಯವಹಾರವನ್ನು ಯಾವ ಪದವೀಧರನಿಗಿಂತಲೂ ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲರು.

ಮುಂದೆ ಇನ್ನೊಂದು ವಿಚಿತ್ರ. ಹೋಟೆಲಿಗೆ ಸೀಗಡಿ ಪೂರೈಸುತ್ತಿದ್ದ ಥಾಯ್ ಯೂನಿಯನ್ ಎಂಬ ಥಾಯ್ಲೆಂಡಿನ ಕಂಪೆನಿ 2016ರಲ್ಲಿ 57.5 ಕೋಟಿ ಡಾಲರು ತೊಡಗಿಸಿತು. 2020ರಲ್ಲಿ ಇತರ ಪಾಲುದಾರರೊಡನೆ ಗೋಲ್ಡನ್ ಗೇಟಿನ ಉಳಿದ ಪಾಲನ್ನೂ ಕೊಂಡಿತು. ಮಾರುವವನೇ ಕೊಳ್ಳುವವನ ಗಾದಿಯಲ್ಲಿ ಕುಳಿತ. ಮುಂಗಡ ಕೊಟ್ಟ ಮಂಡಿಯವನೇ ನಮ್ಮ ಅಡಿಕೆಗೆ ದರ ಕಟ್ಟಿದರೆ ಏನಾಗುತ್ತದೆಂಬುದನ್ನು ನಾನು ವಿವರಿಸಬೇಕಿಲ್ಲ. ಸಹಕಾರ ಸಂಘ ಕಟ್ಟಿಕೊಂಡದ್ದೇ ಅದಕ್ಕಾಗಿ. 2023ರ ಜೂನಿನಲ್ಲಿ 20 ಡಾಲರಿಗೆ ಬೇಕಾದಷ್ಟು ಸೀಗಡಿ ಎಂಬುದನ್ನು, ಆಗೊಮ್ಮೆ ಈಗೊಮ್ಮೆ ಬರುವ ಕೊಡುಗೆಯಾಗಿ ಉಳಿಸದೆ, ನಿತ್ಯದ ಪಟ್ಟಿಗೇ ಸೇರಿಸಿದರು. ಬೇರೆ ಇಬ್ಬರು ಪೂರೈಕೆದಾರರನ್ನು ಹೊರಗಿಟ್ಟು ಥಾಯ್ ಯೂನಿಯನ್ನಿಗೇ ಅನುಕೂಲ ಮಾಡಿಕೊಡಲಾಯಿತೆಂದು, ಇದರಿಂದ ಖರ್ಚು ಏರಿತೆಂದು ಹೋಟೆಲಿನ ಹೊಸ ಆಡಳಿತ ಆಮೇಲೆ ನ್ಯಾಯಾಲಯದಲ್ಲಿ ಆರೋಪಿಸಿತು.

2024ರ ಮೇ 19ರಂದು ರೆಡ್ ಲಾಬ್‌ಸ್ಟರ್ ದಿವಾಳಿ ರಕ್ಷಣೆ ಕೋರಿ ಅರ್ಜಿ ಸಲ್ಲಿಸಿತು. ಆಗ ಅದರಲ್ಲಿ ಸುಮಾರು 36,000 ನೌಕರರಿದ್ದರು. ಪತ್ರಿಕೆಗಳಿಗೆ ಒಳ್ಳೆಯ ತಮಾಷೆ ಸಿಕ್ಕಿತು: ಜನ ಸೀಗಡಿ ತಿಂದು ತಿಂದು ಹೋಟೆಲನ್ನೇ ನುಂಗಿದರು ಎಂದು ಬರೆದವು. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಸೀಗಡಿಯ ಯೋಜನೆಯಿಂದಾದ ನಷ್ಟ 1 ಕೋಟಿ 10 ಲಕ್ಷ ಡಾಲರು. 2023ರ ಒಂದು ವರ್ಷದ ಬಾಡಿಗೆಯೇ 19 ಕೋಟಿ ಡಾಲರು ದಾಟಿತ್ತು. ಅದರಲ್ಲಿ 6 ಕೋಟಿ 40 ಲಕ್ಷದಷ್ಟು, ಸರಿಯಾಗಿ ವ್ಯಾಪಾರವಿಲ್ಲದ ಹೋಟೆಲುಗಳಿಗೆ ಕಟ್ಟಿದ್ದು. ಹಲವು ಕಡೆ ಬಾಡಿಗೆ ಮಾರುಕಟ್ಟೆಯ ದರಕ್ಕಿಂತ ಮೇಲಿತ್ತೆಂದೂ ಅರ್ಜಿಯಲ್ಲಿದೆ. ಸೀಗಡಿಯ ಕೊಡುಗೆಯನ್ನು ಒಂದು ಸುತ್ತೋಲೆಯಿಂದ ನಿಲ್ಲಿಸಬಹುದು, ಬಾಡಿಗೆಯ ಕರಾರನ್ನು ಹಾಗೆ ನಿಲ್ಲಿಸಲಾಗುವುದಿಲ್ಲ.

ಎಲ್ಲ ದೋಷವನ್ನೂ ಬಾಡಿಗೆಯ ತಲೆಗೇ ಕಟ್ಟುವುದು ನ್ಯಾಯವಲ್ಲ. 2019ಕ್ಕೆ ಹೋಲಿಸಿದರೆ ಗಿರಾಕಿಗಳು ಶೇಕಡಾ 30ರಷ್ಟು ಕಡಿಮೆಯಾಗಿದ್ದರು. ಕೂಲಿ, ಸರಕು ಎರಡೂ ತುಟ್ಟಿಯಾಗಿದ್ದವು. ಮುಖ್ಯಸ್ಥರು ಮೇಲಿಂದ ಮೇಲೆ ಬದಲಾದರು. ಸ್ವಂತ ನೆಲವಿದ್ದರೂ ಕಷ್ಟವೇ ಇತ್ತು. ಆದರೆ ಕಷ್ಟ ಬಂದ ದಿನ ಮಾರಲು, ಅಡವಿಡಲು, ಕೊನೆಗೆ ಬೀಗ ಹಾಕಿ ಸುಮ್ಮನೆ ಕಾಯಲು ಕೂಡ ಅವರ ಕೈಯಲ್ಲಿ ನೆಲವಿರಲಿಲ್ಲ. ಬೀಗ ಹಾಕಿದ ಮಳಿಗೆಗೂ ಬಾಡಿಗೆ ನಡೆಯುತ್ತದೆ. ನೆಲ ಮಾರಿದ ಹಣವೂ ಹೋಟೆಲುಗಳ ದುರಸ್ತಿಗಾಗಲಿ ಸಿಬ್ಬಂದಿಗಾಗಲಿ ಬಂದದ್ದಲ್ಲ. ಅದು ಹಳೆಯ ಒಡೆಯರಿಗೆ ಸಂದಾಯವಾಗಿಹೋಗಿತ್ತು. ಸಿಟ್ಟು ಬರುವುದು ಇಲ್ಲಿಯೇ. ಕೊಂಡವರು ಆರು ವರ್ಷಕ್ಕೆ ಹೊರನಡೆದರು, ಮೀನು ಹುರಿಯುವವನು ಮತ್ತು ತಟ್ಟೆ ಎತ್ತುವವಳು ಅಲ್ಲಿಯೇ ಉಳಿದರು. ನೂರಕ್ಕೂ ಹೆಚ್ಚು ಹೋಟೆಲುಗಳು ಮುಚ್ಚಿದವು.

2024ರ ಸೆಪ್ಟೆಂಬರಿನಲ್ಲಿ ರೆಡ್ ಲಾಬ್‌ಸ್ಟರ್, ಹೊಸ ಒಡೆಯರ ಕೈಯಲ್ಲಿ, ದಿವಾಳಿಯಿಂದ ಹೊರಬಂತು. ಡಮೋಲ ಅಡಮೊಲೆಕುನ್ ಎಂಬ ಮೂವತ್ತೈದರ ತರುಣ ಅದರ ಮುಖ್ಯಸ್ಥನಾದ. ಸುಮಾರು 545 ಹೋಟೆಲುಗಳು ಉಳಿದಿದ್ದವು. ಭಾರವಾದ ಕರಾರುಗಳನ್ನು ಕಳಚಿಹಾಕಲು ಅಲ್ಲಿನ ದಿವಾಳಿ ಕಾನೂನು ಆ ಕಂಪೆನಿಗೆ ನೆರವಾಯಿತು. ಅಂಥ ಕಾನೂನಿನ ಆಸರೆಯನ್ನು ನಂಬಿ ನಾವು ಕಣ ಮಾರಲು ಹೊರಡುವುದು ನನಗಂತೂ ಸರಿಕಾಣದು. ಡಿಸೆಂಬರಿನಲ್ಲಿ ಹಣ್ಣು ಕೊಯ್ದು ತಂದವರಿಗೆ, ಈ ವರ್ಷ ಬಾಡಿಗೆ ಹೊಂದಲಿಲ್ಲ, ಮೂಟೆ ಬೇರೆ ಕಡೆ ಇಳಿಸಿ ಎಂದು ಹೇಳಬೇಕಾದವನು ನಾನೇ ತಾನೆ?

ಸೂಚನೆ ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚೆಗೆ ಬರಲಿದೆ. ಕೊಳ್ಳಲು ಮುಂದೆ ಬಂದವರು ಕಳಿಸಿರುವ ಗುತ್ತಿಗೆಯ ಕರಡು ಸಂಘದ ಕಚೇರಿಯಲ್ಲಿದೆ; ಕೆಲಸದ ದಿನಗಳಲ್ಲಿ ಯಾವ ಸದಸ್ಯರು ಬೇಕಾದರೂ ಬಂದು ಓದಬಹುದು. ಬಾಡಿಗೆ ಏರಿಕೆಯ ವಿಷಯ ಮೂರನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿದೆ. ಕನ್ನಡಕ ಮರೆಯದೆ ತನ್ನಿ.