ಪಹಣಿ ಇಲ್ಲದವರು ರೈತರಲ್ಲವೆ?

ರಾಗಿ ಕೊಯ್ಲು ಮುಗಿಯುತ್ತಿದ್ದ ದಿನಗಳಲ್ಲಿ ನಮ್ಮ ಅಮೃತಾಪುರ ಹೋಬಳಿಗೆ ಒಂದು ಆಹ್ವಾನ ಪತ್ರಿಕೆ ಬಂದಿತು. ಪ್ರಾದೇಶಿಕ ಕೃಷಿ ಪ್ರದರ್ಶನ ನಡೆಯುವುದೆಂದೂ, ರೈತ ಬಾಂಧವರು ತಾವು ಬೆಳೆದ ಉತ್ತಮ ಫಸಲನ್ನು ತಂದು ಪ್ರದರ್ಶಿಸಬೇಕೆಂದೂ, ಗೆದ್ದವರಿಗೆ ಫಲಕ, ಶಾಲು, ನಗದು ಬಹುಮಾನಗಳುಂಟೆಂದೂ ಅದರಲ್ಲಿ ಅಚ್ಚಾಗಿತ್ತು. ನಾವು ಎಂಟು ಮಂದಿ ಒಂದು ಟೆಂಪೋ ಗೊತ್ತುಮಾಡಿಕೊಂಡು, ಬಾಡಿಗೆಯನ್ನು ಸಮನಾಗಿ ಹಂಚಿಕೊಂಡು, ಬೆಳಗಿನ ಜಾವಕ್ಕೆ ಹೊರಟೆವು. ಗಾಡಿಯಲ್ಲಿ ಒಂದು ಹೊರೆ ರಾಗಿ ತೆನೆ, ಎರಡು ಅಡಿಕೆ ಗೊನೆ, ಹತ್ತು ತೆಂಗಿನಕಾಯಿ, ಒಂದು ಸಿಹಿಗುಂಬಳ ಇದ್ದವು. ಇವುಗಳ ಜೊತೆಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಮಡಕೆಯೂ ಇತ್ತು. ಆ ಮಡಕೆಗಾದ ಗತಿಯೇ ಇಂದು ನಮ್ಮ ಕೈಗೆ ಲೇಖನಿ ಕೊಟ್ಟಿದೆ.

ಪ್ರದರ್ಶನ ಯಾವ ಊರಿನದು, ನಡೆಸಿದವರು ಯಾರು ಎಂಬುದನ್ನು ನಾವು ಹೇಳುವುದಿಲ್ಲ. ಒಂದು ಊರಿನ ಒಬ್ಬ ಗುಮಾಸ್ತನ ತಪ್ಪಾಗಿದ್ದರೆ ಅಲ್ಲಿಯೇ ಜಗಳವಾಡಿ ಮುಗಿಸಿ ಬರುತ್ತಿದ್ದೆವು. ಕೃಷಿಯ ಹೆಸರಿನಲ್ಲಿ ನಡೆಯುವ ಹತ್ತಾರು ವ್ಯವಹಾರಗಳಲ್ಲಿ ಬೇರುಬಿಟ್ಟ ಒಂದು ರೂಢಿಯ ಮೇಲೆ ನಮ್ಮ ತಕರಾರು.

ಮಡಕೆಯನ್ನು ತಂದವರು ಅರವತ್ತು ದಾಟಿದ ಒಬ್ಬ ತಾಯಿ. ಅದರಲ್ಲಿ ನವಣೆ, ಸಾಮೆ, ಹುಚ್ಚೆಳ್ಳು, ಅಲಸಂದೆ, ಎರಡು ಬಗೆಯ ಅವರೆ, ಹೀಗೆ ಆರು ಬಗೆಯ ಬೀಜಗಳು ಬೇರೆಬೇರೆ ಗಂಟುಗಳಲ್ಲಿದ್ದವು. ಕೆಲವು ಆಕೆ ಮದುವೆಯಾಗಿ ಬರುವಾಗ ತವರಿನಿಂದ ತಂದ ಬೀಜದ ಸಂತತಿ. ಪ್ರತಿ ವರ್ಷ ಒಳ್ಳೆಯ ತೆನೆ ನೋಡಿ ಆರಿಸಿ, ಒಣಗಿಸಿ, ಕಾಳಿಗೆ ಒಲೆಯ ಬೂದಿ ಬೆರೆಸಿ ಎತ್ತಿಡುತ್ತಾರೆ. ಮುಂಗಾರು ಕೈಕೊಟ್ಟು ಮರುಬಿತ್ತನೆಯಾಗಬೇಕಾದ ವರ್ಷ ಊರಿನವರು ಹೋಗುವುದು ಅವರ ಬಾಗಿಲಿಗೆ. ಸೇರು ಕೊಟ್ಟರೆ ಸುಗ್ಗಿಯಲ್ಲಿ ಸೇರನ್ನೇ ಹಿಂದಕ್ಕೆ ಪಡೆಯುತ್ತಾರೆ, ಬಡ್ಡಿಯಿಲ್ಲ.

ನೋಂದಣಿಯ ಮೇಜಿನ ಮುಂದೆ ಅವರ ಸರದಿ ಬಂದಾಗ ನಡೆದ ಮಾತು ಇಷ್ಟು:

“ಅಮ್ಮಾ, ಪಹಣಿ ತಂದಿದ್ದೀರಾ?”

“ಹೊಲ ನಮ್ಮ ಮಾವನ ಹೆಸರಲ್ಲೇ ಐತೆ ಸ್ವಾಮಿ. ಅವರು ತೀರಿಕೊಂಡು ಬಾಳ ವರ್ಷ ಆತು.”

“ಪೌತಿ ಖಾತೆ ಮಾಡಿಸಿಲ್ವಾ? ಹಾಗಾದ್ರೆ ನಿಮ್ಮ ಹೆಸರಲ್ಲಿ ಬರ್ಕೊಳ್ಳೋಕೆ ಬರಲ್ಲ. ರೈತರು ಅನ್ನೋದಕ್ಕೆ ದಾಖಲೆ ಬೇಕು.”

ನಾವು ಮುಂದೆ ಹೋಗಿ ವಾದಿಸಿದೆವು. ಮೇಜಿನ ಹಿಂದಿದ್ದ ಹುಡುಗ ಸಭ್ಯ. “ಮೇಷ್ಟ್ರೇ, ನಿಯಮ ನಾನು ಮಾಡಿದ್ದಲ್ಲ” ಎಂದ. ಅದು ನಿಜವೇ. ಆ ತಾಯಿ ಮಡಕೆಯ ಬಾಯಿಗೆ ಬಟ್ಟೆ ಬಿಗಿಯುತ್ತ ನಮ್ಮನ್ನೇ ಸಮಾಧಾನ ಮಾಡಿದರು: “ಹೋಗ್ಲಿ ಬಿಡಿ ಮೇಷ್ಟ್ರೇ, ಬೀಜಕ್ಕೇನು ಪಹಣಿ ಗೊತ್ತಾಗ್ತದಾ? ಹಾಕಿದ್ರೆ ಹುಟ್ತದೆ.”

ಅಲ್ಲಿಂದ ಐವತ್ತು ಹೆಜ್ಜೆ ದೂರದಲ್ಲಿ ಸಿರಿಧಾನ್ಯದ ಮಳಿಗೆಯಿತ್ತು. ವಿಶ್ವಸಂಸ್ಥೆ 2023ನೆಯ ಇಸವಿಯನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಇಂಥ ಮಳಿಗೆಯಿಲ್ಲದ ಪ್ರದರ್ಶನವೇ ಇಲ್ಲ. ಹೊಳೆಯುವ ಪೊಟ್ಟಣಗಳಲ್ಲಿ ನವಣೆ, ಸಾಮೆ. ಪೊಟ್ಟಣದ ಮೇಲೆ ನಗುವ ರೈತ ಮಹಿಳೆಯ ಚಿತ್ರ. ಚಿತ್ರದ ಮಹಿಳೆಗೆ ಪಹಣಿ ಕೇಳಿದವರಿಲ್ಲ! ನವಣೆಯನ್ನು ಯಾರೂ ಕೇಳದಿದ್ದ ಕಾಲದಲ್ಲಿ ಅದರ ಬೀಜ ಅಳಿಯದಂತೆ ಕಾಪಾಡಿದ ತಾಯಿ ಮಾತ್ರ ಬೇಲಿಯ ಹೊರಗೆ.

ಇದು ನಿಯಮವೆಂದರಲ್ಲ, ಹಾಗಾದರೆ ದೇಶದ ನಿಯಮ ಏನು ಹೇಳುತ್ತದೆಂದು ನೋಡೋಣ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯನ್ನು ಪಾರ್ಲಿಮೆಂಟು 2001ರಲ್ಲಿ ಮಾಡಿತು. ರೈತನೆಂದರೆ ಯಾರು ಎಂಬುದನ್ನು ಆ ಕಾಯಿದೆ ಮೂರು ಬಗೆಯಾಗಿ ವಿವರಿಸುತ್ತದೆ: ತಾನೇ ಭೂಮಿಯನ್ನು ಉತ್ತು ಬೆಳೆಯುವವನು, ಇನ್ನೊಬ್ಬರ ಮೂಲಕ ಮಾಡಿಸಿ ಬೇಸಾಯದ ಮೇಲ್ವಿಚಾರಣೆ ನೋಡುವವನು, ಮೂರನೆಯದಾಗಿ, ಕಾಡು ತಳಿಗಳನ್ನೋ ಸಾಂಪ್ರದಾಯಿಕ ತಳಿಗಳನ್ನೋ ಕಾಪಾಡಿಕೊಂಡು ಬಂದವನು, ಆಯ್ಕೆಯಿಂದ ಅವುಗಳ ಗುಣವನ್ನು ಹೆಚ್ಚಿಸಿದವನು. ಈ ಮೂರರಲ್ಲಿ ಪಹಣಿಯೆಂಬ ಮಾತು ಎಲ್ಲಿಯೂ ಇಲ್ಲ. ಆಗಾಗ್ಗೆ ಬಹುಮಾನ ಪಡೆಯುವ ಜಮೀನ್ದಾರರು ಎರಡನೆಯ ವಿವರಣೆಗೆ ಸೇರಿದವರು. ನಮ್ಮ ತಾಯಿ ಮೊದಲನೆಯದಕ್ಕೂ ಸೇರುತ್ತಾರೆ, ಮೂರನೆಯದಕ್ಕೂ ಸೇರುತ್ತಾರೆ. 2007ರ ರಾಷ್ಟ್ರೀಯ ರೈತ ನೀತಿ ಇನ್ನೂ ಮುಂದೆ ಹೋಗಿ ಗೇಣಿದಾರರನ್ನೂ, ಪಾಲಿಗೆ ಮಾಡುವವರನ್ನೂ, ಕೃಷಿ ಕೂಲಿಗಾರರನ್ನೂ ರೈತರೆಂಬ ಮಾತಿನಲ್ಲಿ ಸೇರಿಸಿತು. ದೇಶದ ಕಾಯಿದೆ ಒಳಕ್ಕೆ ಕರೆದವರನ್ನು ಪ್ರದರ್ಶನದ ಮೇಜು ಹೊರಕ್ಕೆ ದಬ್ಬಿತು!

ಒಂದು ಬಹುಮಾನ ತಪ್ಪಿದ್ದಕ್ಕೆ ಇಷ್ಟು ಗದ್ದಲವೇಕೆಂದು ಕೇಳುವ ಮಹನೀಯರು ಇರಬಹುದು. ಅವರು ಗಮನಿಸಬೇಕಾದ ಸಂಗತಿಯೆಂದರೆ, ಆ ಮೇಜಿನ ಮೇಲೆ ಕೇಳಿದ ಪ್ರಶ್ನೆಯನ್ನೇ ಬೆಂಬಲ ಬೆಲೆಯ ರಾಗಿ ಖರೀದಿ ಕೇಂದ್ರದಲ್ಲಿಯೂ ಕೇಳುತ್ತಾರೆ, ಬೆಳೆ ಸಾಲಕ್ಕೆ ಹೋದಾಗಲೂ ಕೇಳುತ್ತಾರೆ, ಬೆಳೆ ಪರಿಹಾರಕ್ಕೂ ಕೇಳುತ್ತಾರೆ. 1974ರ ಭೂಸುಧಾರಣೆ ಗೇಣಿ ಪದ್ಧತಿಯನ್ನು ರದ್ದುಮಾಡಿತು. ಲಕ್ಷಾಂತರ ಒಕ್ಕಲುಗಳಿಗೆ ಅದರಿಂದ ಭೂಮಿ ದೊರೆಯಿತು. ಆದರೆ ಇಂದು ನಮ್ಮ ಹಳ್ಳಿಗಳಲ್ಲಿ ಬಾಯಿಮಾತಿನ ಮೇಲೆ ಗುತ್ತಿಗೆಗೋ ಕೋರಿಗೋ ಹೊಲ ಮಾಡುವವರು ಎಷ್ಟು ಮಂದಿಯಿಲ್ಲ? ಅವರ ಹೆಸರು ಯಾವ ಕಾಗದದಲ್ಲಿಯೂ ಇಲ್ಲ. ಬೆವರು ಅವರದು, ನಷ್ಟ ಅವರದು. ರೈತನೆಂಬ ಹೆಸರು ಮಾತ್ರ ಪೇಟೆಯಲ್ಲಿ ಕುಳಿತ ಹಕ್ಕುದಾರನದು. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ಇದ್ದ ತಡೆಯನ್ನು ತೆಗೆದ ಮೇಲೆ ಈ ವಿಚಿತ್ರ ಪೂರ್ತಿಯಾಯಿತು. ನೇಗಿಲು ಮುಟ್ಟದವನು ದುಡ್ಡು ಕೊಟ್ಟು ಪಹಣಿ ಕೊಳ್ಳಬಹುದು, ಕೊಂಡ ಮೇಲೆ ಪ್ರದರ್ಶನಕ್ಕೂ ಬರಬಹುದು. ನಲವತ್ತು ವರ್ಷ ಬಿತ್ತಿದವಳು ಬರುವಂತಿಲ್ಲ.

ಅಮೃತಾಪುರದವರಿಗೆ ಇದು ಹೆಚ್ಚು ಚುಚ್ಚುವುದಕ್ಕೆ ಇನ್ನೊಂದು ಕಾರಣವುಂಟು. ನಮ್ಮೂರ ಅಮೃತೇಶ್ವರ ದೇವಾಲಯ 1196ರಲ್ಲಿ, ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಕಟ್ಟಿದ್ದು. ಕಟ್ಟಿಸಿದವನು ಅಮೃತೇಶ್ವರ ದಂಡನಾಯಕ. ಆದರೆ ಹೊಯ್ಸಳರ ಕಾಲದ ಶಿಲ್ಪಿಗಳು ತಾವು ಕಡೆದ ಕಲ್ಲಿನಲ್ಲಿ ತಮ್ಮ ಹೆಸರನ್ನೂ ಕೆತ್ತುತ್ತಿದ್ದರು. ಆದ್ದರಿಂದಲೇ ಈ ಗುಡಿಯಲ್ಲಿ ಕೈಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನ ಹೆಸರು ಇಂದಿಗೂ ಉಳಿದಿದೆ. ದಂಡನಾಯಕರ ಆಳ್ವಿಕೆಯಲ್ಲಿ ಉಳಿಹಿಡಿದವನ ಹೆಸರಿಗೆ ಕಲ್ಲಿನ ಮೇಲೆ ಜಾಗವಿತ್ತು. ಎಂಟು ನೂರು ವರ್ಷ ಕಳೆದು ಪ್ರಜಾಪ್ರಭುತ್ವ ಬಂದ ಮೇಲೆ ಕುಡುಗೋಲು ಹಿಡಿದವಳ ಹೆಸರಿಗೆ ಒಂದು ರಟ್ಟಿನ ಚೀಟಿಯ ಮೇಲೆ ಜಾಗವಿಲ್ಲವೆ?

ಈಗ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾವು ಒಯ್ದ ಅಡಿಕೆ ಗೊನೆಗೆ ಎರಡನೆಯ ಬಹುಮಾನ ಬಂದಿತು. ಗೊನೆಯ ಗಾತ್ರ ನೋಡಿ ಜನ ಬೆರಗಾದರು, ಫೋಟೋ ತೆಗೆದರು. ನಮಗೂ ಹಿಗ್ಗು. ಆದರೆ ಆ ತೋಟದ ಕಥೆ ನಮಗೆ ಗೊತ್ತಿತ್ತು. ನಾಲ್ಕು ಕೊಳವೆ ಬಾವಿ ಕೊರೆಸಿ ಮೂರು ಬತ್ತಿದ ತೋಟ ಅದು. ಸಾಲ ಇನ್ನೂ ತೀರಿಲ್ಲ. ಮರ ಹತ್ತಿ ಗೊನೆ ಇಳಿಸಿದ ಕೊನೆಗಾರನ ಹೆಸರು ಚೀಟಿಯಲ್ಲಿಲ್ಲ. ಬರೆಯಬೇಕೆಂದು ನಮಗೂ ಹೊಳೆಯಲಿಲ್ಲ. ಮಡಕೆಗೆ ಆದ ಅನ್ಯಾಯಕ್ಕೆ ಕೂಗಾಡಿದ ನಾವೇ ಇನ್ನೊಬ್ಬ ದುಡಿಮೆಗಾರನನ್ನು ಮರೆತೆವು. ರೂಢಿ ನಮ್ಮೊಳಗೂ ಎಷ್ಟು ಆಳಕ್ಕೆ ಇಳಿದಿದೆ ನೋಡಿ.

ನಾವು ಹಿಂದೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಲೆಕ್ಕ ಮಾಡಿದ ದಾರಿಯನ್ನು ತೋರಿಸದೆ ಬರೀ ಉತ್ತರ ಬರೆದಿಟ್ಟ ಹುಡುಗನಿಗೆ ಪೂರ್ತಿ ಅಂಕ ಕೊಟ್ಟವರಲ್ಲ. ಕೃಷಿ ಪ್ರದರ್ಶನದ ಮೇಜಿನ ಮೇಲಿರುವುದೆಲ್ಲ ಬರೀ ಉತ್ತರವೇ. ಇಷ್ಟು ದೊಡ್ಡ ಕುಂಬಳ, ಇಷ್ಟು ಉದ್ದದ ಕಬ್ಬು, ಎಕರೆಗೆ ಇಷ್ಟು ಕ್ವಿಂಟಲು. ಖರ್ಚೆಷ್ಟು? ಕೂಲಿಯೆಷ್ಟು? ಬಡ್ಡಿಯೆಷ್ಟು? ಮಾರಿದ ಮೇಲೆ ಕೈಯಲ್ಲಿ ಉಳಿದದ್ದೆಷ್ಟು? ಆ ದಾರಿಯನ್ನು ತೋರಿಸುವವರಿಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅಖಿಲ ಭಾರತ ಬೆಳೆ ಸ್ಪರ್ಧೆಗಳನ್ನು ಏರ್ಪಡಿಸಿ, ಎಕರೆಗೆ ಅತಿ ಹೆಚ್ಚು ಇಳುವರಿ ತೆಗೆದವನಿಗೆ ‘ಕೃಷಿ ಪಂಡಿತ’ನೆಂಬ ಬಿರುದು ಕೊಟ್ಟರು. ಅನ್ನಕ್ಕೆ ತತ್ವಾರವಿದ್ದ ಕಾಲ. ಇಳುವರಿಯನ್ನೇ ಅಳೆದದ್ದಕ್ಕೆ ಅರ್ಥವಿತ್ತು. ಈಗಲೂ ಅದೊಂದೇ ಅಳತೆಗೋಲನ್ನು ಹಿಡಿದು ನಿಂತರೆ ಹೇಗೆ?

ಅಳತೆಯ ಪ್ರಶ್ನೆ ಸಣ್ಣದೆಂದು ಯಾರೂ ತಿಳಿಯಬಾರದು. 1951ರ ಕಾಗೋಡು ಸತ್ಯಾಗ್ರಹದ ಕಿಡಿ ಹೊತ್ತಿದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಅಳತೆಯ ಪಾತ್ರೆ ಯಾರ ಕೈಯಲ್ಲಿದೆಯೋ ನ್ಯಾಯವೂ ಅವರ ಕೈಯಲ್ಲಿರುತ್ತದೆಂಬುದನ್ನು ಆ ಒಕ್ಕಲುಗಳು ನಾಡಿಗೆ ಕಲಿಸಿದರು.

ಖರ್ಚಿನ ಲೆಕ್ಕ ಹಾಕುವುದು ಆಗದ ಮಾತೆಂದು ತಜ್ಞರು ಹೇಳಲಾರರು. ಕೃಷಿ ಬೆಲೆ ಆಯೋಗ 1965ರಲ್ಲಿಯೇ ಹುಟ್ಟಿತು. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ರಾಗಿಯ ಉತ್ಪಾದನಾ ವೆಚ್ಚ ಕ್ವಿಂಟಲಿಗೆ 3,257 ರೂಪಾಯಿ ಎಂದು ಲೆಕ್ಕ ಹಾಕಿ, ಅದರ ಒಂದೂವರೆ ಪಟ್ಟು, ಅಂದರೆ 4,886 ರೂಪಾಯಿಯನ್ನು ಬೆಂಬಲ ಬೆಲೆಯಾಗಿ ಗೊತ್ತುಮಾಡಿತು. ಈ ವೆಚ್ಚದಲ್ಲಿ ಕೈಯಿಂದ ಹಾಕಿದ ಹಣ ಮತ್ತು ಮನೆಯವರ ದುಡಿಮೆ ಸೇರುತ್ತವೆ. ಸ್ವಂತ ಹೊಲದ ಗೇಣಿಯ ಮೌಲ್ಯ, ಸ್ವಂತ ಬಂಡವಾಳದ ಬಡ್ಡಿ ಸೇರುವುದಿಲ್ಲ. ಅವೂ ಸೇರಬೇಕೆಂಬುದು ರೈತ ಸಂಘಟನೆಗಳ ಬಹುಕಾಲದ ಬೇಡಿಕೆ. ದಿಲ್ಲಿಯಲ್ಲಿ ಕುಳಿತು ಕ್ವಿಂಟಲಿಗೆ ರೂಪಾಯಿ ಲೆಕ್ಕದಲ್ಲಿ ವೆಚ್ಚ ಹೇಳಬಲ್ಲವರಿರುವಾಗ, ತನ್ನ ಹೊಲದ ಖರ್ಚನ್ನು ರೈತನೇ ಒಂದು ಹಲಗೆಯ ಮೇಲೆ ಬರೆದು ತೆನೆಯ ಪಕ್ಕಕ್ಕಿಟ್ಟರೆ ತೊಂದರೆ ಯಾರಿಗೆ? ಹಾಗೆ ನೂರು ಹಲಗೆಗಳು ಸಾಲಾಗಿ ನಿಂತ ದಿನ, ಬೆಂಬಲ ಬೆಲೆಯ ವಾದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ತೊಂದರೆ ಅದೇ ಇರಬೇಕು.

ನಾವು ಪ್ರದರ್ಶನಗಳ ವಿರೋಧಿಗಳಲ್ಲ. ಮೈಸೂರಿನ ಕೈಗಾರಿಕಾ ಮತ್ತು ಕೃಷಿ ವಸ್ತುಪ್ರದರ್ಶನ 1907ರಲ್ಲಿ ಮೊದಲಾದಾಗಿನಿಂದ ನೋಡಿ ಕಲಿತವರ ಸಂಖ್ಯೆ ಕಡಮೆಯಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್‌ರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಮಲೆನಾಡಿನ ತೋಟಗಳಲ್ಲಿ ರೂಢಿಗೆ ತಂದರು. ಗೊನೆಗೆ ಕೊಟ್ಟೆ ಕಟ್ಟಿ ಮಳೆಗಾಲ ಕಳೆಯುತ್ತಿದ್ದವರಿಗೆ ಅದು ದೊಡ್ಡ ಆಸರೆಯಾಯಿತು. ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ರೈತರು ‘ರಾಗಿ ಲಕ್ಷ್ಮಣಯ್ಯ’ ಎಂದೇ ಪ್ರೀತಿಯಿಂದ ನೆನೆಯುತ್ತಾರೆ. ಅಂಥವರ ಕೆಲಸ ನೋಡಲು ನಾವು ನೂರು ಮೈಲಿ ನಡೆದೇವು. ನಾವು ಹೋದ ಪ್ರದರ್ಶನದಲ್ಲಿಯಾದರೋ ಮೈದಾನದ ಮುಂಭಾಗವೆಲ್ಲ ಟ್ರ್ಯಾಕ್ಟರು, ಪಂಪು, ಔಷಧಿ ಕಂಪನಿಗಳ ಮಳಿಗೆಗಳು. ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಏನು ಮಾಡಬೇಕೆಂದು ಕೇಳಿದವರ ಕೈಗೆ ಸಿಕ್ಕಿದ್ದು ಔಷಧಿಯ ದರಪಟ್ಟಿ. ರೈತರು ತಂದ ಫಸಲಿಗೆ ಶೌಚಾಲಯದ ಪಕ್ಕದ ಶಾಮಿಯಾನ. ಬಾಗಿಲಲ್ಲಿ ಒಂದು ಅಮೃತಮಹಲ್ ಹೋರಿಗೆ ಹಾರ ಹಾಕಿ ನಿಲ್ಲಿಸಿದ್ದರು. ಅದರ ಮೇವಿನ ಕಾವಲುಗಳಿಗೆ ಯಾರು ಹಾರ ಹಾಕಿದರು? ಚಳ್ಳಕೆರೆಯ ಕಡೆ ಸಾವಿರಾರು ಎಕರೆ ಅಮೃತಮಹಲ್ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಬೇಲಿಯೊಳಗೆ ಸೇರಿಹೋಯಿತು. ಹುಲ್ಲು ಕಸಿದು ಹೂವು ಮುಡಿಸುವ ಗೌರವ ಇದು!

ಪಹಣಿ ಕೇಳದಿದ್ದರೆ ಪೇಟೆಯಲ್ಲಿ ಕೊಂಡ ಮಾಲನ್ನು ತಂದು ಬಹುಮಾನ ಹೊಡೆಯುತ್ತಾರೆಂದು ಒಬ್ಬ ಅಧಿಕಾರಿ ಮಹಾಶಯರು ನಮಗೆ ಹೇಳಿದರು. ಸ್ವಾಮೀ, ಪಹಣಿಯಿದ್ದವನು ಪೇಟೆಯ ಕುಂಬಳ ತರಲಾರನೆ? ಹೊಲದಲ್ಲಿ ಬೆಳೆದದ್ದು ಯಾರೆಂದು ಊರಿಗೆ ಗೊತ್ತಿರುತ್ತದೆ. ಅಕ್ಕಪಕ್ಕದ ಹೊಲದ ಇಬ್ಬರ ಸಾಕ್ಷಿ, ಗ್ರಾಮ ಪಂಚಾಯಿತಿಯ ಒಂದು ರುಜು ಸಾಕು.

ಆದ್ದರಿಂದ ನಮ್ಮ ಬೇಡಿಕೆಗಳು ನಾಲ್ಕು. ಒಂದು: ಬೆಳೆದವರು, ಬೀಜ ಕಾಪಾಡಿದವರು ಯಾರೇ ಆಗಲಿ, ಪಹಣಿ ಕೇಳದೆ ಅವರ ಹೆಸರಿನಲ್ಲಿಯೇ ಫಸಲನ್ನು ಸ್ವೀಕರಿಸಬೇಕು. ಎರಡು: ಪ್ರತಿಯೊಂದು ಫಸಲಿನ ಪಕ್ಕದಲ್ಲಿ ಖರ್ಚು, ಕೂಲಿ, ಸಾಲ, ಮಾರಿದ ಬೆಲೆ, ದುಡಿದವರ ಹೆಸರುಗಳನ್ನು ಬರೆದ ಹಲಗೆ ಇರಬೇಕು, ತೀರ್ಪು ಅದನ್ನು ನೋಡಿಯೇ ಆಗಬೇಕು. ಮೂರು: ತೀರ್ಪುಗಾರರಲ್ಲಿ ಅರ್ಧದಷ್ಟು ಮಂದಿ ಬೇಸಾಯಗಾರರು, ಕೃಷಿ ಕೂಲಿಗಾರರು ಇರಬೇಕು, ಅವರಲ್ಲಿ ಹೆಂಗಸರು ಇರಲೇಬೇಕು. ನಾಲ್ಕು: ಮೈದಾನದ ಮುಂಭಾಗ ಬೆಳೆದವರಿಗೆ, ಹಿಂಭಾಗ ಮಾರುವವರಿಗೆ.

ಆ ಸಂಜೆ ನಾವು ಟೆಂಪೋ ಹತ್ತುವ ಹೊತ್ತಿಗೆ ಬಾಗಿಲ ಹೊರಗೆ ಹುಣಸೆ ಮರದ ಕೆಳಗೆ ಹೆಂಗಸರ ಒಂದು ಗುಂಪು ಸೇರಿತ್ತು. ನಡುವೆ ನಮ್ಮ ತಾಯಿ. ಯಾವುದೋ ಊರಿನವರು ಒಂದು ಹಿಡಿ ಸಾಮೆ ಬೇಡಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು. ಇನ್ನೊಬ್ಬರು ಅದಕ್ಕೆ ಬದಲು ಕರಿ ಹುರುಳಿ ಕೊಡುತ್ತಿದ್ದರು. ಹೆಸರು ಬರೆದುಕೊಳ್ಳುವವರಿರಲಿಲ್ಲ, ಪಹಣಿ ಕೇಳುವವರಿರಲಿಲ್ಲ. ನಾವು ಅರ್ಧ ಗಂಟೆ ಕಾದೆವು.

ಊರಿಗೆ ಬಂದ ಮೇಲೆ ಸಭೆ ಸೇರಿ ಗೊತ್ತುವಳಿ ಮಾಡಿದ್ದೇವೆ. ಮುಂದಿನ ಸುಗ್ಗಿಗೆ ಅಮೃತಾಪುರದಲ್ಲಿಯೇ ಹೋಬಳಿಯ ಪ್ರದರ್ಶನ ನಡೆಯುತ್ತದೆ. ನೋಂದಣಿಗೆ ಒಂದೇ ಪ್ರಶ್ನೆ: “ಇದನ್ನು ಬೆಳೆದವರು ಯಾರು?” ಅಡಿಕೆ ಗೊನೆಯ ಬಹುಮಾನದ ಹಣದಲ್ಲಿ ಖರ್ಚಿನ ಹಲಗೆಗಳಿಗೆ ಮರ ತಂದಾಗಿದೆ. ಮೊದಲನೆಯ ಹಲಗೆ ಅದೇ ಅಡಿಕೆ ತೋಟದ್ದು. ಅದರ ಮೇಲೆ ಕೊನೆಗಾರನ ಹೆಸರನ್ನು ಬರೆಯುವುದರಿಂದಲೇ ಕೆಲಸ ಆರಂಭ.